ಪರದೇಶದಲ್ಲಿ ನಂಬಿಕೆಯ ಲೆಕ್ಕ

ಪರಿಚಿತರಾದ ದಂಪತಿಗಳು ಈಚೆಗೆ ನಮ್ಮಲ್ಲಿಗೆ ಬಂದು ಖಿನ್ನರಾಗಿ ಕುಳಿತರು. ಅವರ ಮಗ ಉದ್ಯೋಗಕ್ಕಾಗಿ ಅಮೆರಿಕೆಗೆ ಹೋಗಿದ್ದಾನೆ. ಅಲ್ಲಿ ಬಾಡಿಗೆಗೆ ಮನೆ ಕೇಳಿದರೆ, ಸಾಲದ ದಾಖಲೆಯೇ ಇಲ್ಲವೆಂದು ನಿರಾಕರಿಸಿದರಂತೆ. "ಶಾಸ್ತ್ರಿಗಳೇ, ಸಾಲ ಮಾಡಬೇಡವೆಂದು ಹೇಳಿ ಬೆಳೆಸಿದವರು ನಾವೇ. ಅದೇ ತಪ್ಪಾಯಿತೆ?" ಎಂಬುದು ತಾಯಿಯ ಪ್ರಶ್ನೆ.

ಖಂಡಿತ ತಪ್ಪಲ್ಲ. ನಮ್ಮ ಊರಿನ ಅಂಗಡಿಕಾರನು ಉದ್ರಿ ಕೊಡುವಾಗ, ಇವನು ಯಾರ ಮಗ, ಕೊಟ್ಟ ಮಾತಿಗೆ ನಿಲ್ಲುವ ಮನೆತನವೇ ಎಂಬುದನ್ನು ನೋಡುತ್ತಾನೆ. ಅಲ್ಲಿ ಆ ಪರಿಚಯದ ಸ್ಥಾನದಲ್ಲಿ ದಾಖಲೆ ನಿಂತಿದೆ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ 3 ಸಂಸ್ಥೆಗಳು ಜನರ ಸಾಲ ಹಾಗೂ ಮರುಪಾವತಿಯ ವಿವರಗಳನ್ನು ಬರೆದಿಡುತ್ತವೆ. ಅವುಗಳ ಆಧಾರದಿಂದ 300ರಿಂದ 850ರವರೆಗಿನ ಅಂಕವೊಂದನ್ನು ಗಣಿಸಲಾಗುತ್ತದೆ. 1989ರಿಂದ ಬಳಕೆಗೆ ಬಂದ ಫೈಕೋ ಅಂಕವು ಇಂಥವುಗಳಲ್ಲಿ ಪ್ರಸಿದ್ಧವಾದುದು. ಭಾರತದ ಸಿಬಿಲ್ ದಾಖಲೆಯು ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಆದುದರಿಂದ ಹೊಸಬನ ಪುಟ ಖಾಲಿಯಿರುತ್ತದೆ. ಅದು ಕೆಟ್ಟ ಹೆಸರಲ್ಲವೆಂಬುದನ್ನು ತಂದೆ ತಾಯಿಗಳು ಅರಿಯಬೇಕು.

ಈ ಅಂಕದಲ್ಲಿ ಸಂಬಳಕ್ಕೆ ಸ್ಥಾನವಿಲ್ಲ. ಶೇಕಡಾ 35ರಷ್ಟು ತೂಕ ಸಕಾಲದ ಮರುಪಾವತಿಗೆ, 30ರಷ್ಟು ಬಾಕಿಯ ಮೊತ್ತಕ್ಕೆ, 15ರಷ್ಟು ಖಾತೆಗಳ ವಯಸ್ಸಿಗೆ. ಉಳಿದುದು ಹೊಸ ಸಾಲಗಳಿಗೆ ಹಾಗೂ ಸಾಲದ ಬಗೆಗಳಿಗೆ. ಫೈಕೋ ಅಂಕ ದೊರೆಯಲು ಕನಿಷ್ಠ 6 ತಿಂಗಳು ಹಳೆಯದಾದ ಖಾತೆಯೊಂದು ಇರಬೇಕು.

ಹೊಸಬರಿಗೆ ಸುಲಭವಾದ ದಾರಿಯೆಂದರೆ, ಬ್ಯಾಂಕಿನಲ್ಲಿ ಠೇವಣಿಯಿಟ್ಟು ಅದರ ಭದ್ರತೆಯ ಮೇಲೆ ಕ್ರೆಡಿಟ್ ಕಾರ್ಡ್ ಪಡೆಯುವುದು. ಆ ಬ್ಯಾಂಕು ಮೂರೂ ಸಂಸ್ಥೆಗಳಿಗೆ ವರದಿ ಕಳುಹಿಸುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ದಿನಸಿಯಂಥ ಅಗತ್ಯದ ಖರೀದಿಗಷ್ಟೇ ಕಾರ್ಡನ್ನು ಬಳಸಿ, ತಿಂಗಳ ಬಿಲ್ಲನ್ನು ಗಡುವಿನೊಳಗೆ ಪೂರ್ಣವಾಗಿ ತೀರಿಸಬೇಕು. ಹಾಗೆ ಮಾಡಿದರೆ ಖರೀದಿಯ ಮೇಲೆ ಸಾಮಾನ್ಯವಾಗಿ ಬಡ್ಡಿ ಬೀಳದು. ಅಂಕ ಬೆಳೆಯಲು ಸ್ವಲ್ಪ ಬಾಕಿ ಉಳಿಸಿಕೊಳ್ಳಬೇಕೆಂಬ ಮಾತು ಸುಳ್ಳು. 30 ದಿನ ಮೀರಿದ ವಿಳಂಬವು ದಾಖಲೆಯನ್ನು ಸೇರಿದರೆ 7 ವರ್ಷ ಉಳಿದೀತು. ಆಗಾಗ ತನ್ನ ವರದಿಯನ್ನು ಉಚಿತವಾಗಿ ತರಿಸಿ ನೋಡಬೇಕು. ತಪ್ಪಿದ್ದರೆ ಪ್ರಶ್ನಿಸಿ ತಿದ್ದಿಸುವ ಹಕ್ಕನ್ನು ಅಲ್ಲಿಯ 1970ರ ಕಾಯಿದೆಯಡಿ ಪಡೆಯಬಹುದು.

ಅಂಕ ಮೂಡುವವರೆಗೆ ಏನು ಗತಿ? ನೇಮಕಪತ್ರವನ್ನೂ ಸಂಬಳದ ಚೀಟಿಯನ್ನೂ ತೋರಿಸಿ ಮನೆ ಕೇಳಬಹುದು. ಕೆಲವು ಮಾಲೀಕರು ಅಷ್ಟಕ್ಕೆ ಒಪ್ಪುತ್ತಾರೆ.

ಆ ತಾಯಿಗೆ ನಾವು ಹೇಳಿದುದು ಇಷ್ಟೇ: "ತಂಗೀ, ಪಡೆದುದನ್ನು ಹೊತ್ತಿಗೆ ಸರಿಯಾಗಿ ಹಿಂದಿರುಗಿಸಬೇಕೆಂದು ನೀವು ಕಲಿಸಿದ್ದೀರಿ. ಆ ದೇಶದವರು ಕೇಳುವುದೂ ಅದನ್ನೇ. ಅವನು ಅದನ್ನು ಅಲ್ಲಿಯ ಪುಸ್ತಕದಲ್ಲಿ ಬರೆಯಿಸಿಕೊಳ್ಳಬೇಕು, ಅಷ್ಟೆ."