ಇಲಿ ಒಲ್ಲೆನೆನ್ನುವ ಹಾವು

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಕಾವಲು ಎನ್ನುವ ಹುಲ್ಲುಗಾವಲುಗಳಲ್ಲಿ ದನ ಕುರಿ ಮೇಯಿಸುವವರಿಗೆ ಮಣ್ಣುಮುಕ್ಕ ಹಾವು ಹೊಸದಲ್ಲ. ತಲೆಯೂ ಮೊಂಡು, ಬಾಲವೂ ಮೊಂಡು. ಅದಕ್ಕೇ ಎರಡು ತಲೆ ಹಾವು ಎಂದೂ ಕರೆಯುತ್ತಾರೆ. ಹಗಲೆಲ್ಲ ಸಡಿಲ ಮಣ್ಣಿನಲ್ಲೋ ಇಲಿಬಿಲದಲ್ಲೋ ಅಡಗಿದ್ದು, ಕತ್ತಲಾದ ಮೇಲೆ ಇಲಿ ಸಿಕ್ಕರೆ ಸುತ್ತಿ ಬಿಗಿದು ನುಂಗುತ್ತದೆ. ಸಿಗದಿದ್ದರೆ ಸುಮ್ಮನಿರುತ್ತದೆ.

ಇದೇ ಜಾಯಮಾನದ ಇನ್ನೊಂದು ಹಾವು ಆಫ್ರಿಕದ ಬಾಲ್ ಪೈಥಾನ್. ಸೆನೆಗಲ್‌ನಿಂದ ಉಗಾಂಡದವರೆಗೆ, ಇಲಿಬಿಲ ಮತ್ತು ಗೆದ್ದಲ ಹುತ್ತಗಳಲ್ಲಿ ಬದುಕುವ, ಮೂರು ನಾಲ್ಕು ಅಡಿಯ, ವಿಷವಿಲ್ಲದ ಪುಟ್ಟ ಹೆಬ್ಬಾವು ಅದು. ಹೆದರಿದರೆ ತಲೆಯನ್ನು ಮೈಸುರುಳಿಯೊಳಗೆ ಅಡಗಿಸಿ ಚೆಂಡಾಗಿಬಿಡುತ್ತದೆ. ಸಾಧು ಸ್ವಭಾವದಿಂದಾಗಿ ಲೋಕದ ನಾನಾ ಕಡೆ ಸಾಕುಪ್ರಾಣಿಯಾಗಿದೆ. ಬೆಂಗಳೂರಿಗೆ ಕಳ್ಳದಾರಿಯಲ್ಲೂ ಬರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳು ಬ್ಯಾಂಕಾಕ್‌ನಿಂದ ಬಂದ ಸಾಮಾನು ಬಿಚ್ಚಿಸಿದಾಗ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಜೀವಂತ ಸಿಕ್ಕವು. ಜೊತೆಗಿದ್ದ 6 ಕ್ಯಾಪುಚಿನ್ ಕೋತಿಗಳು ಸತ್ತಿದ್ದವು.

ಬಾಲ್ ಪೈಥಾನ್ ಸಾಕಿದವರ ಬಾಯಲ್ಲಿ ಹೆಚ್ಚಾಗಿ ಕೇಳುವ ದೂರು ಒಂದೇ: ತಿನ್ನುತ್ತಿಲ್ಲ. ಇಲಿಯನ್ನು ಮೂಗಿನ ಮುಂದೆ ಹಿಡಿದರೂ ಮುಖ ತಿರುಗಿಸುತ್ತದೆ. ಒಂದು ತಿಂಗಳಾಯಿತು, ಎರಡಾಯಿತು ಎಂದು ಮನೆಯವರು ಕಂಗಾಲಾಗುತ್ತಾರೆ. ಹಾವಿಗೆ ಅಷ್ಟು ಗಾಬರಿ ಇರುವುದಿಲ್ಲ. ನಮ್ಮ ಹಾಗೆ ಮೈ ಬಿಸಿ ಇಟ್ಟುಕೊಳ್ಳಲು ಅದು ಅನ್ನ ಸುಡಬೇಕಿಲ್ಲ; ಬಿಸಿಯನ್ನು ಹೊರಗಿನಿಂದ ಪಡೆಯುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಾಲ್ ಪೈಥಾನ್ ಸೇರಿ ಮೂರು ಜಾತಿಯ ಹಾವುಗಳನ್ನು ಸುಮಾರು ಆರು ತಿಂಗಳು ಉಪವಾಸ ಇಟ್ಟು ನೋಡಿದಾಗ, ಅವು ಮೈಯ ಖರ್ಚನ್ನು ಶೇ. 72ರವರೆಗೂ ಇಳಿಸಿಕೊಂಡಿದ್ದವು.

ಹೆಬ್ಬಾವಿನ ಜಾತಿಗೆ ಊಟವೆಂದರೆ ದೊಡ್ಡ ಖರ್ಚಿನ ಬಾಬತ್ತು. ಬರ್ಮಾ ಹೆಬ್ಬಾವಿನ ಮೇಲಿನ ಸಂಶೋಧನೆಗಳ ಪ್ರಕಾರ ಬೇಟೆ ನುಂಗಿದ ಒಂದೆರಡು ದಿನದಲ್ಲೇ ಸಣ್ಣ ಕರುಳು ಇಮ್ಮಡಿಯಷ್ಟು ಬೆಳೆಯುತ್ತದೆ, ಗುಂಡಿಗೆಯೂ ಹಿಗ್ಗುತ್ತದೆ, ಜೀರ್ಣವಾದ ಮೇಲೆ ಮತ್ತೆ ಕುಗ್ಗುತ್ತವೆ. ಈ ಕೆಲಸಕ್ಕೆಲ್ಲ ಬಿಸಿ ಬೇಕು. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಒಂದು ಬದಿ 31ರಿಂದ 33 ಡಿಗ್ರಿ, ಇನ್ನೊಂದು ಬದಿ 25ರಿಂದ 27 ಡಿಗ್ರಿ ಇದ್ದರೆ ಸರಿ. ಬೆಂಗಳೂರಿನ ಡಿಸೆಂಬರ್ ರಾತ್ರಿ, ಟೈಲ್ಸ್ ನೆಲದ ಮೇಲೆ ಇಟ್ಟ ಗಾಜಿನ ಪೆಟ್ಟಿಗೆಯಲ್ಲಿ ಅಷ್ಟು ಕಾವು ಎಲ್ಲಿಂದ ಬರಬೇಕು? ಚಳಿಯಲ್ಲಿ ನುಂಗಿದ ಇಲಿ ಕರಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ, ಹಾವು ಅದನ್ನು ಕಕ್ಕುತ್ತದೆ. ಅಂಥ ಹೊತ್ತಿನಲ್ಲಿ ಬೇಡವೆಂದರೆ ಅದು ಹಾವಿನ ಜಾಣತನವೇ.

ಪೊರೆ ಬಿಡುವ ಮುಂಚೆ ಕಣ್ಣು ಹಾಲುಬಣ್ಣಕ್ಕೆ ತಿರುಗಿ ಮಂಜಾಗುತ್ತದೆ, ಆಗಲೂ ತಿನ್ನುವುದಿಲ್ಲ. ಬೆದೆಗಾಲದಲ್ಲಿ ಗಂಡು ತಿಂಗಳುಗಟ್ಟಲೆ ಊಟ ಬಿಡುತ್ತದೆ. ಮೊಟ್ಟೆ ಸುತ್ತಿ ಕೂತ ಹೆಣ್ಣು ಸುಮಾರು ಎರಡು ತಿಂಗಳು ಕದಲುವುದಿಲ್ಲ. ಇನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲದಿದ್ದರೆ, ಬಂದವರೆಲ್ಲ ಎತ್ತಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರೆ, ಬಿಲದ ಜೀವಿಗೆ ಊಟದ ಮಾತೆಲ್ಲಿ? ಅನೇಕ ಸಲ ಮದ್ದಿಗಿಂತ ಒಂದು ಇಕ್ಕಟ್ಟಾದ ಕತ್ತಲೆ ಗೂಡು ಹೆಚ್ಚು ಕೆಲಸ ಮಾಡುತ್ತದೆ. ಹಾಗೆಂದು ಜೀವಂತ ಇಲಿಯನ್ನು ಪೆಟ್ಟಿಗೆಯೊಳಗೆ ಬಿಟ್ಟು ಹೋಗಬಾರದು. ಹಸಿದ ಇಲಿ ಹಾವಿನ ಬೆನ್ನನ್ನೇ ಕಡಿದು ಹಾಕುತ್ತದೆ. ಹಾಲು ಇಡುವುದಂತೂ ವ್ಯರ್ಥ. ಪಂಚಮಿ ದಿನ ಹಾವು ಹಾಲು ಕುಡಿದಂತೆ ಕಂಡರೆ ಅದು ಬಾಯಾರಿಕೆ. ನೀರಿನ ಬಟ್ಟಲು ಮಾತ್ರ ಸದಾ ಇರಬೇಕು.

ತೂಕ ನೋಡಿ ಬರೆದಿಡುವುದು ಒಳ್ಳೆಯದು. ತೂಕ ನಿಂತಲ್ಲೇ ನಿಂತಿದ್ದರೆ ಕಾಯಬಹುದು. ಹತ್ತರಲ್ಲೊಂದು ಪಾಲು ಇಳಿದರೆ, ಬೆನ್ನೆಲುಬು ಏಣಾಗಿ ಎದ್ದು ಕಂಡರೆ, ಬಾಯಲ್ಲಿ ಲೋಳೆ ಬಂದರೆ, ಉಸಿರಾಟದಲ್ಲಿ ಸದ್ದಿದ್ದರೆ ಹಾವಿನ ಮೈ ಬಲ್ಲ ಪಶುವೈದ್ಯರ ಬಳಿ ಹೋಗಬೇಕು.

ಕಾವಲಿನ ಮಣ್ಣುಮುಕ್ಕನ ಪಾಡು ಇದಕ್ಕಿಂತ ಕಷ್ಟ. ಮನೆಯಲ್ಲಿದ್ದರೆ ಅದೃಷ್ಟ, ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚು ಎಂಬ ಕಟ್ಟುಕತೆ ನಂಬಿ ಹಿಡಿದವರು ಗಡಿಗೆಯಲ್ಲೋ ಚೀಲದಲ್ಲೋ ತುಂಬಿಡುತ್ತಾರೆ. ಮಣ್ಣಿಲ್ಲ, ಕಾವಿಲ್ಲ, ಹಾವು ತಿನ್ನುವುದಿಲ್ಲ. ತೂಕದ ಆಸೆಗೆ ಬಾಯೊಳಗೆ ತುರುಕಿದರೆ ಗಂಟಲು ಹರಿಯುತ್ತದೆ, ಇಲ್ಲವೇ ಕಕ್ಕಿ ಇನ್ನಷ್ಟು ಸೊರಗುತ್ತದೆ. ಅದನ್ನು ಹಿಡಿಯುವುದೂ ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಬಾಲ್ ಪೈಥಾನ್ ವಿದೇಶಿ ಪ್ರಾಣಿಯಾದ್ದರಿಂದ ಅದರ ದಾರಿ ಬೇರೆ. ಅದನ್ನು ಸಾಕುವವರು 2024ರ ನಿಯಮದ ಪ್ರಕಾರ ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಸಾಕಿ ಸಾಕಾದವರು ಅದನ್ನು ತಂದು ಯಾವುದೋ ಕಾವಲಿಗೆ ಬಿಡುವ ಹಾಗಿಲ್ಲ. ಅದರ ಮೈಯಲ್ಲಿ ಬರುವ ಉಣ್ಣೆ, ರೋಗಗಳು ನಮ್ಮ ಹಾವುಗಳಿಗೂ ತಗಲಬಹುದು. ಅಂಥವರು ಅರಣ್ಯ ಇಲಾಖೆಗೆ ತಿಳಿಸಬೇಕು.