ಬೀದಿಯ ನೆರಳು, ಮನೆಯ ಆರೋಗ್ಯ

ಏಪ್ರಿಲ್ ತಿಂಗಳಲ್ಲಿ ಝುಹರ್ ನಮಾಝ್‌ಗೆ ಹೊರಡುವ ಮನೆಯ ಹಿರಿಯರನ್ನು ಒಮ್ಮೆ ಗಮನಿಸಿ. ಸಿಮೆಂಟ್ ರಸ್ತೆಯಲ್ಲಿ ಬಿಸಿ ಮೇಲಿನಿಂದಷ್ಟೇ ಅಲ್ಲ, ಕಾಲಡಿಯಿಂದಲೂ ಏಳುತ್ತದೆ. ದಾರಿಯಲ್ಲೊಂದು ಹೊಂಗೆ ಮರವಿದ್ದರೆ ಅದರ ಕೆಳಗೆ ಎರಡು ನಿಮಿಷ ನಿಂತು ಉಸಿರು ತೆಗೆದುಕೊಂಡೇ ಅವರು ಮುಂದೆ ಹೋಗುತ್ತಾರೆ.

ನಗರ ಹಸಿರೀಕರಣವೆಂದರೆ ನಮಗೆ ಬೆಂಗಳೂರು ನೆನಪಾಗುತ್ತದೆ. 1760ರಲ್ಲಿ ಹೈದರ್ ಅಲಿ ಆರಂಭಿಸಿ, ಟಿಪ್ಪು ಸುಲ್ತಾನ್ ಹೊರನಾಡುಗಳಿಂದ ಗಿಡ ತರಿಸಿ ಬೆಳೆಸಿದ ಲಾಲ್‌ಬಾಗ್ ಇಂದಿಗೂ ಆ ನಗರಕ್ಕೆ ತಂಪು ನೀಡುತ್ತಿದೆ. ಆದರೆ ಹುಣಸೂರಿನ ಗಲ್ಲಿಗೂ ಗಾವಡಗೆರೆಯ ಬೀದಿಗೂ ನೆರಳು ಅಷ್ಟೇ ಅಗತ್ಯ. ನಮ್ಮ ಭಾಗದಲ್ಲಿ ತಂಬಾಕು ಬ್ಯಾರನ್‌ಗಳಿಗೆ ಪ್ರತಿವರ್ಷ ಲೋಡುಗಟ್ಟಲೆ ಸೌದೆ ಬೇಕು. ಹೊಲದ ಬದುವಿನ ಮರಗಳು ಹಾಗೆ ಹೋದರೆ ಊರೊಳಗಿನ ಮರಕ್ಕೆ ಇನ್ನಷ್ಟು ಬೆಲೆ.

ಮರ ಬರೀ ಬಿಸಿಲನ್ನು ತಡೆಯುವುದಿಲ್ಲ. ಬೇರಿನಿಂದ ಹೀರಿದ ನೀರನ್ನು ಎಲೆಗಳ ಮೂಲಕ ಆವಿಯಾಗಿ ಬಿಡುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ. ಕಾಂಕ್ರೀಟ್ ಇದಕ್ಕೆ ತದ್ವಿರುದ್ಧ. ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಹೊರಬಿಡುತ್ತದೆ. ರಾತ್ರಿಯೂ ಸೆಕೆ ಇಳಿಯದಿದ್ದರೆ ದೇಹಕ್ಕೆ ವಿಶ್ರಾಂತಿಯಿಲ್ಲ. ಹಸುಗೂಸುಗಳು, ಗರ್ಭಿಣಿಯರು, ಬಿಪಿ ಮತ್ತು ಹೃದಯದ ತೊಂದರೆ ಇರುವವರು ಮೊದಲು ಬಳಲುತ್ತಾರೆ. ಶೀಟಿನ ಮನೆಯಲ್ಲಂತೂ ಕೇಳುವುದೇ ಬೇಡ.

ಹೊಸ ಗಿಡ ನೆಡುವುದಕ್ಕಿಂತ ಇರುವ ಮರವನ್ನು ಉಳಿಸುವುದು ದೊಡ್ಡ ಕೆಲಸ ಎಂದೇ ನನ್ನ ಅಭಿಪ್ರಾಯ. ಬೀದಿಗೆ ಕಾಂಕ್ರೀಟ್ ಹಾಕುವಾಗ ಮರದ ಬುಡದವರೆಗೂ ಒತ್ತಾಗಿ ಸುರಿದುಬಿಡುತ್ತಾರೆ. ಬೇರಿಗೆ ನೀರೂ ಗಾಳಿಯೂ ಸಿಗದೆ ಮರ ಕೆಲವು ವರ್ಷಗಳಲ್ಲಿ ಒಣಗುತ್ತದೆ, ಮಳೆಗಾಳಿಗೆ ಉರುಳಲೂಬಹುದು. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯುವಂತೆ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತ್ತು. ನಿಮ್ಮ ಬೀದಿಗೆ ಕಾಮಗಾರಿ ಬಂದಾಗ ಗುತ್ತಿಗೆದಾರರಿಗೂ ಪಂಚಾಯಿತಿ ಸದಸ್ಯರಿಗೂ ಇದನ್ನು ಮೊದಲೇ ಹೇಳಿ. ಸುರಿದ ಮೇಲೆ ಒಡೆಯುವವರು ಯಾರೂ ಇಲ್ಲ.

ನೆಡುವುದಾದರೆ ಹೊಂಗೆ ಒಳ್ಳೆಯದು. ಬೇಸಿಗೆ ಏರುವ ಹೊತ್ತಿಗೆ ಹೊಸ ಚಿಗುರು ತುಂಬಿಕೊಳ್ಳುತ್ತದೆ. ಬೇವು, ನೇರಳೆಯೂ ಆದೀತು. ನೇರಳೆ ಹಣ್ಣಿನ ಕಲೆ ಬಟ್ಟೆಗೆ ಅಂಟಿದರೆ ಹೋಗದು, ನೆನಪಿರಲಿ. ಗುಲ್‌ಮೊಹರ್ ಕಣ್ಣಿಗೆ ಚೆಂದ, ಆದರೆ ಬೇಸಿಗೆಯ ಆರಂಭದಲ್ಲಿ ಬೋಳಾಗಿರುತ್ತದೆ, ಕೊಂಬೆಗಳೂ ಸುಲಭವಾಗಿ ಮುರಿಯುತ್ತವೆ. ಕರೆಂಟ್ ತಂತಿಯ ಕೆಳಗೆ ಕರಿಬೇವು, ಸೀಬೆ ಸಾಕು.

ನೀರೆಲ್ಲಿ ಎನ್ನುವಿರಾ? ಮಸೀದಿಯ ವುಝೂ ನೀರು ಎಲ್ಲಿಗೆ ಹೋಗುತ್ತಿದೆ ನೋಡಿ. ಅದರಲ್ಲಿ ಸೋಪಿಲ್ಲ, ಎಣ್ಣೆಯಿಲ್ಲ. ಗಿಡಕ್ಕೆ ಧಾರಾಳವಾಗಿ ಹಾಕಬಹುದು. ಪ್ರವಾದಿಯವರು(ಸ) ಒಂದು ಮುದ್ದ್, ಅಂದರೆ ಒಂದು ಲೀಟರ್‌ಗೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರು. ನಾವು ನಲ್ಲಿ ತೆರೆದಿಟ್ಟು ಎಷ್ಟು ಸುರಿಯುತ್ತೇವೆಂದು ಒಮ್ಮೆ ಬಕೆಟ್ ಇಟ್ಟು ನೋಡಿದರೆ ಗೊತ್ತಾಗುತ್ತದೆ. ತಲಾ ಮೂರು ಲೀಟರ್ ಎಂದರೂ ದಿನಕ್ಕೆ ಅರವತ್ತು ವುಝೂಗೆ 180 ಲೀಟರ್. ಹತ್ತಾರು ಎಳೆ ಗಿಡಗಳಿಗೆ ಅದು ಸಾಕು. ಮೂಗು ಬಾಯಿ ತೊಳೆದ ನೀರಾದ್ದರಿಂದ ಸೊಪ್ಪು ತರಕಾರಿಗೆ ಹಾಯಿಸಬೇಡಿ, ಮರಗಳ ಬುಡಕ್ಕೆ ಬಿಡಿ.

ಒಂದು ಎಚ್ಚರಿಕೆ. ಪಾತಿಯಲ್ಲಿ ನೀರು ನಿಂತು ಸೊಳ್ಳೆ ಹುಟ್ಟಿದರೆ ಮಾಡಿದ್ದೆಲ್ಲ ವ್ಯರ್ಥ. ಡೆಂಗ್ಯೂ ಹರಡುವ ಸೊಳ್ಳೆ ನಿಂತ ನೀರಲ್ಲಿ ಮೊಟ್ಟೆಯಿಂದ ಬೆಳೆದು ಹಾರಲು ಸುಮಾರು ಒಂದು ವಾರ ಸಾಕು. ನೀರು ಕೆಲವು ಗಂಟೆಗಳಲ್ಲಿ ಇಂಗದಿದ್ದರೆ ಪಾತಿಗೆ ಮರಳು, ಜಲ್ಲಿ ಬೆರೆಸಿ, ಅಥವಾ ನೀರನ್ನು ಸರದಿಯ ಮೇಲೆ ಬೇರೆ ಗಿಡಕ್ಕೆ ತಿರುಗಿಸಿ. ಗುಂಡಿಯನ್ನು ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಟ್ಟು, ಮುಂಗಾರು ಹಿಡಿದ ಮೇಲೆ ಆಳೆತ್ತರದ ಸಸಿ ನೆಡಿ. ಆಡು ಬಾಯಿ ಹಾಕದಂತೆ ಮುಳ್ಳುಬೇಲಿಯನ್ನು ಅದೇ ದಿನ ಕಟ್ಟಿ.