ಹಳೆಯ ಮೋಟಾರು ಸೈಕಲ್ಲಿನ ಸವೆತ: ಮೆಕ್ಯಾನಿಕ್‌ನ ಹೊಣೆ ಎಲ್ಲಿಯವರೆಗೆ?

ಹೊಸಪೇಟೆಯ ವರ್ತಕರೊಬ್ಬರು ಕಂಪ್ಲಿ ಹಾಗೂ ಸಂಡೂರಿನ ಅಂಗಡಿಗಳಿಂದ ಆರ್ಡರು ತರುವ ಸಲುವಾಗಿ ನಲವತ್ತು ಸಾವಿರ ಕಿಲೋಮೀಟರು ಓಡಿದ ಹಳೆಯ ಮೋಟಾರು ಸೈಕಲ್ಲೊಂದನ್ನು ಕೊಂಡರೆಂದು ಭಾವಿಸೋಣ. ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಿ, ಚೈನು ಬಿಗಿ ಮಾಡಿಸಿದರು. ಹದಿನೈದು ದಿನಗಳ ನಂತರ ಸಂಡೂರಿನ ದಾರಿಯಲ್ಲಿ ಇಂಜಿನ್ ಸೀಜ್ ಆಯಿತು. 'ನಿನ್ನ ಕೈಗೆ ಕೊಟ್ಟ ಮೇಲೆಯೇ ಹೀಗಾಯಿತು' ಎಂದು ವರ್ತಕರು ದೂರಿದರೆ, 'ಸಾವುಕಾರ್ರೇ, ಗಾಡಿನೇ ಹಳೇದು, ನಾನೇನ್ ಮಾಡ್ಲಿ' ಎಂಬುದು ಮೆಕ್ಯಾನಿಕ್‌ನ ಉತ್ತರ. ಬೋರ್ ಮಾಡಿಸಿ ಪಿಸ್ಟನ್ ಹಾಕಿಸುವ ಖರ್ಚು ಹಳೆಯ ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲನ್ನೇ ನುಂಗುವುದರಿಂದ ಮಾತು ಬೆಳೆಯುತ್ತದೆ. ಹಲವು ವರ್ಷಗಳ ವ್ಯವಹಾರ ಒಂದೇ ದಿನದಲ್ಲಿ ಮುರಿಯುತ್ತದೆ. ಇಬ್ಬರ ವಾದದಲ್ಲಿಯೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ಕಂಡುಕೊಳ್ಳುವುದು ಹೇಗೆ ಎಂಬುದೇ ಪ್ರಶ್ನೆ.

ಸವೆತವು ಯಾರ ತಪ್ಪೂ ಅಲ್ಲ. ಚೈನು, ಸ್ಪ್ರಾಕೆಟ್, ಬ್ರೇಕ್ ಶೂ, ಕ್ಲಚ್ ಪ್ಲೇಟ್, ಟೈರು ಇವೆಲ್ಲ ಸವೆಯುವುದಕ್ಕೆಂದೇ ಇರುವ ಭಾಗಗಳು. ಈ ಸೀಮೆಯಲ್ಲಿ ಅವು ಬೇಗನೆ ಸವೆಯುತ್ತವೆ. ಸಂಡೂರಿನ ಅದಿರಿನ ಧೂಳು ಏರ್ ಫಿಲ್ಟರನ್ನು ಕಟ್ಟಿಸಿ, ಚೈನಿನ ಎಣ್ಣೆಯೊಂದಿಗೆ ಬೆರೆತು ಅರೆಯುವ ಪುಡಿಯಾಗುತ್ತದೆ. ಕಂಪ್ಲಿಯ ಗದ್ದೆಬಯಲಿನ ಕೆಸರು ನೀರು ಚಕ್ರದ ಬೇರಿಂಗು ಮತ್ತು ಬ್ರೇಕ್ ಡ್ರಮ್ಮುಗಳನ್ನು ಹೊಕ್ಕು ಕೆಡಿಸುತ್ತದೆ. ಹಂಪಿಯಲ್ಲಿ ಬಾಡಿಗೆಗೆ ಓಡುವ ಗಾಡಿಗಳ ಕ್ಲಚ್ಚು ಮತ್ತು ಹ್ಯಾಂಡಲಿನ ಕೋನ್ ಸೆಟ್ಟು ಹಲವರ ಕೈಗೆ ಸಿಕ್ಕಿ ಬಳಲುತ್ತವೆ. ಹೀಗಿರುವಾಗ ಕೆಲಸದ ನಂತರ ಕೆಟ್ಟಿತೆಂಬ ಮಾತ್ರಕ್ಕೆ ಕೆಲಸದಿಂದಲೇ ಕೆಟ್ಟಿತೆಂದು ತೀರ್ಮಾನಿಸಲಾಗದು. ಆದರೆ ಇದೇ ಕಾರಣಕ್ಕೆ ಇಲ್ಲಿನ ಮೆಕ್ಯಾನಿಕ್ 'ಧೂಳು ಹೊಕ್ಕಿದ್ದು ತಿಳಿಯಲಿಲ್ಲ' ಎನ್ನುವಂತೆಯೂ ಇಲ್ಲ. ತನ್ನ ಊರಿನ ರಸ್ತೆಯನ್ನು ಬಲ್ಲ ಸಾಮಾನ್ಯ ಕುಶಲಿಯೊಬ್ಬನು ಏನನ್ನು ಗಮನಿಸುತ್ತಿದ್ದನೋ ಅದೇ ಇಲ್ಲಿನ ಅಳತೆಗೋಲು.

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು 'ಸೇವಾ ನ್ಯೂನತೆ'ಯನ್ನು ಕಲಂ 2(11)ರಲ್ಲಿ ವಿವರಿಸಿದೆ. ಒಪ್ಪಿಕೊಂಡ ಕೆಲಸದ ಗುಣಮಟ್ಟದಲ್ಲಿ ಕೊರತೆಯಾಗಿ ಗ್ರಾಹಕನಿಗೆ ನಷ್ಟವಾದರೆ ಅದು ನ್ಯೂನತೆ. ತಿಳಿಸಬೇಕಾದ ಸಂಗತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವುದನ್ನೂ ಅದೇ ಕಲಂ ನ್ಯೂನತೆಯೆಂದು ಹೆಸರಿಸಿದೆ. ಮೆಕ್ಯಾನಿಕ್‌ನ ಹೊಣೆಯನ್ನು ಅಳೆಯುವಲ್ಲಿ ಈ ಎರಡನೆಯ ಭಾಗವೇ ಹೆಚ್ಚು ಮುಖ್ಯವಾದರೂ ಗ್ಯಾರೇಜುಗಳಲ್ಲಿ ಅದರ ಅರಿವು ಕಡಿಮೆ. ಭಾಗವು ಸವೆದಿದ್ದುದಕ್ಕೆ ಆತನು ಹೊಣೆಯಲ್ಲ; ಸವೆದಿದ್ದನ್ನು ಕಂಡೂ ಹೇಳದೆ ಗಾಡಿಯನ್ನು ಹೊರಗೆ ಬಿಟ್ಟುದಕ್ಕೆ ಹೊಣೆಯಾಗಬಹುದು.

ಬ್ರೇಕಿನ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಡ್ರಮ್ ಬ್ರೇಕಿನ ಹೊರಗೆ ಶೂ ಸವೆತವನ್ನು ತೋರಿಸುವ ಸಣ್ಣ ಮುಳ್ಳೊಂದು ಇರುತ್ತದೆ. ಹಿಂದಿನ ಚಕ್ರವನ್ನು ಸರಿಸಿ ಚೈನು ಬಿಗಿ ಮಾಡುವವನ ಕಣ್ಣೆದುರಿಗೇ ಅದು ಇರುವುದು. ಮುಳ್ಳು ಗುರುತನ್ನು ದಾಟಿದ್ದರೆ, ಬ್ರೇಕಿನ ಕೆಲಸವನ್ನು ಯಾರೂ ಹೇಳದಿದ್ದರೂ, ತಿಳಿಸುವುದು ಆತನ ಕರ್ತವ್ಯ. ಟೈರಿನ ವಿಷಯವೂ ಹಾಗೆಯೇ. ದ್ವಿಚಕ್ರ ವಾಹನದ ಟೈರಿನ ಗಾಡಿ 0.8 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಆದರೆ ಗೇರ್‌ಬಾಕ್ಸಿನೊಳಗಿನ ಹಲ್ಲು ಸವೆದಿದ್ದನ್ನು ಆಯಿಲ್ ಬದಲಿಸುವವನು ಕಾಣಲಾರ. ಬಿಚ್ಚದೆ ಕಾಣದ್ದಕ್ಕೆ, ಬಿಚ್ಚಲು ಹೇಳದಿದ್ದಾಗ, ಆತನನ್ನು ಹಿಡಿಯುವುದು ನ್ಯಾಯವಲ್ಲ. ಕೊಳ್ಳುವ ಮುನ್ನ ಗಾಡಿ ತೋರಿಸಿ ಅಭಿಪ್ರಾಯ ಕೇಳಿದಾಗಲೂ ಮಿತಿ ಇಷ್ಟೇ: ಹೊಗೆಯ ಬಣ್ಣ, ಇಂಜಿನ್ನಿನ ಸದ್ದು, ಚೈನಿನ ಸಡಿಲ, ಹ್ಯಾಂಡಲಿನ ಆಟ.

ಇನ್ನು ಸೀಜ್ ಆದ ಇಂಜಿನ್ನಿನ ವಿಚಾರ. ಇಂತಹ ಗಾಡಿಗಳಲ್ಲಿ ಹಿಡಿಯುವ ಆಯಿಲ್ ಸುಮಾರು ಒಂದು ಲೀಟರಿನಷ್ಟು. ಅದು ಕಡಿಮೆಯಾಗಲು ಎರಡು ದಾರಿಗಳಿವೆ. ಕೆಳಗಿನ ಡ್ರೈನ್ ಬೋಲ್ಟು ಸರಿಯಾಗಿ ಬಿಗಿಯದೆ, ಅಥವಾ ಅತಿಯಾಗಿ ಬಿಗಿದು ಮರೆ ಹೋಗಿ, ಇಲ್ಲವೇ ಹಳೆಯ ವಾಷರನ್ನೇ ಮತ್ತೆ ಹಾಕಿ ಸೋರಿದರೆ ಇಂಜಿನ್ನಿನ ಅಡಿಯಲ್ಲಿ, ಹಿಂದಿನ ಟೈರಿನ ಮೇಲೆ, ಗಾಡಿ ನಿಲ್ಲಿಸುವ ಜಾಗದಲ್ಲಿ ಎಣ್ಣೆಯ ಗುರುತು ಉಳಿಯುತ್ತದೆ. ಇದು ಕೆಲಸದ ದೋಷ. ಗಾಡಿಯ ವಯಸ್ಸನ್ನು ನೆಪ ಮಾಡುವಂತಿಲ್ಲ. ಪಿಸ್ಟನ್ ರಿಂಗು ಸವೆದಿದ್ದರೆ ಆಯಿಲ್ ಒಳಗೇ ಉರಿದು ಹೋಗುತ್ತದೆ. ಆಗ ಹೊರಗೆ ಸೋರಿಕೆ ಇರದು, ಸೈಲೆನ್ಸರಿನಲ್ಲಿ ನೀಲಿ ಹೊಗೆ, ಸ್ಪಾರ್ಕ್ ಪ್ಲಗ್ಗಿನ ಮೇಲೆ ಎಣ್ಣೆಯುಕ್ತ ಕಪ್ಪು ಮಸಿ ಕಾಣುತ್ತವೆ. ಇದು ಸವೆತ, ವಾರಕ್ಕೊಮ್ಮೆ ಆಯಿಲ್ ಮಟ್ಟ ನೋಡಬೇಕಾದುದು ಮಾಲೀಕನ ಕೆಲಸ. ಆದರೂ ಮೆಕ್ಯಾನಿಕ್ ಹಳೆಯ ಆಯಿಲನ್ನು ಇಳಿಸಿದಾಗ ಅದು ಅರ್ಧದಷ್ಟೇ ಬಂದಿದ್ದರೆ, ಅಥವಾ ಅದರಲ್ಲಿ ಲೋಹದ ಚೂರುಗಳಿದ್ದರೆ, ಇಂಜಿನ್ ಆಯಿಲ್ ಕುಡಿಯುತ್ತಿದೆ ಎಂದು ಹೇಳಬೇಕಿತ್ತೆಂಬ ವಾದ ಉಳಿದೇ ಉಳಿಯುತ್ತದೆ.

ಇಲ್ಲಿ ಮಾಲೀಕರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ಸಿಟ್ಟಿನಲ್ಲಿ ಗಾಡಿಯನ್ನು ಬೇರೆ ಗ್ಯಾರೇಜಿಗೆ ಒಯ್ದು ಇಂಜಿನ್ ಬಿಚ್ಚಿಸಿಬಿಡುತ್ತಾರೆ. ಬೋಲ್ಟು ಎಷ್ಟು ಬಿಗಿಯಾಗಿತ್ತು, ಆಯಿಲ್ ಎಷ್ಟು ಉಳಿದಿತ್ತು ಎಂಬ ಸಾಕ್ಷ್ಯ ಅಲ್ಲಿಗೆ ಮುಗಿಯಿತು. ಎರಡನೆಯ ಮೆಕ್ಯಾನಿಕ್ ಮೊದಲಿನವನ ಕೆಲಸವನ್ನು ಹೊಗಳುವುದಂತೂ ಅಪರೂಪ! ನ್ಯೂನತೆಯನ್ನು ರುಜುವಾತುಪಡಿಸುವ ಹೊರೆ ದೂರುದಾರನದೇ ಎಂದು ಸರ್ವೋಚ್ಚ ನ್ಯಾಯಾಲಯವು ಕೆ.ಎಲ್.ಎಂ. ವಿಮಾನ ಸಂಸ್ಥೆಯ ವಿರುದ್ಧದ ರವನೀತ್ ಸಿಂಗ್ ಬಗ್ಗಾ ಪ್ರಕರಣದಲ್ಲಿ ಹೇಳಿದೆ, 2021ರಲ್ಲಿ ಎಸ್.ಜಿ.ಎಸ್. ಇಂಡಿಯಾ ಪ್ರಕರಣದಲ್ಲಿ ಅದನ್ನೇ ಪುನರುಚ್ಚರಿಸಿದೆ. ಆದುದರಿಂದ ಬಿಚ್ಚುವ ಮುನ್ನ ಫೋಟೋ ತೆಗೆದು, ಮೊದಲ ಮೆಕ್ಯಾನಿಕ್‌ನನ್ನು ಕರೆದು, ಇಬ್ಬರಿಗೂ ಒಪ್ಪಿಗೆಯಾದ ಮೂರನೆಯವನ ಎದುರಿಗೆ ಬಿಚ್ಚಿಸುವುದು ಲೇಸು.

ಬಿಡಿಭಾಗಗಳಲ್ಲಿ ಹೊಣೆ ಹಂಚಿಹೋಗುತ್ತದೆ. ಮೆಕ್ಯಾನಿಕ್‌ನೇ ಆರಿಸಿ ತಂದು ಹಾಕಿದ ಭಾಗ ಕೆಟ್ಟರೆ ಆತನೂ ಉತ್ತರಿಸಬೇಕು. ಮಾಲೀಕನು ತಾನೇ ಕೊಂಡು ತಂದುಕೊಟ್ಟರೆ, ಜೋಡಣೆಯಷ್ಟೇ ಮೆಕ್ಯಾನಿಕ್‌ನ ಪಾಲು. ಹಣ ಉಳಿಸಲು ಹಳೆಯ ಸ್ಪ್ರಾಕೆಟ್ ಮೇಲೆಯೇ ಹೊಸ ಚೈನು ಹಾಕಿರೆಂದು ಒತ್ತಾಯಿಸಿದವರು, ಸೆಟ್ಟಾಗಿ ಬದಲಿಸಬೇಕೆಂದು ಮೆಕ್ಯಾನಿಕ್ ಮೊದಲೇ ಹೇಳಿದ್ದರೆ, ಆ ಚೈನು ಬೇಗ ಹಾಳಾದುದಕ್ಕೆ ಅವನನ್ನು ದೂರುವಂತಿಲ್ಲ. ಹಳೆಯ ಭಾಗವನ್ನು ಹೊಸದೆಂದು ಹೇಳಿ ಹಾಕುವುದು ಮಾತ್ರ ಬೇರೆಯೇ ಸಂಗತಿ. ಅಧಿನಿಯಮವು ಅದನ್ನು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆಯುವ ರೂಢಿ ಒಳ್ಳೆಯದೇ.

ವರ್ತಕರು ವಿಶೇಷವಾಗಿ ಗಮನಿಸಬೇಕಾದ ತೊಡಕೊಂದಿದೆ. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು 2003ರ ಮಾರ್ಚ್ 15ರಿಂದ 'ಗ್ರಾಹಕ'ರ ವ್ಯಾಖ್ಯೆಯಿಂದ ಹೊರಗಿದ್ದಾರೆ. ಸ್ವಯಂ ಉದ್ಯೋಗದಿಂದ ಜೀವನ ಸಾಗಿಸುವವರಿಗೆ ವಿನಾಯಿತಿ ಇದೆ. ತಾನೇ ಗಾಡಿ ಓಡಿಸಿ ಹಾಲು ಮಾರುವವರು ಆಯೋಗದ ಮೆಟ್ಟಿಲೇರಬಹುದು. ಹಂಪಿಯಲ್ಲಿ ಹತ್ತಾರು ಗಾಡಿಗಳನ್ನು ಬಾಡಿಗೆಗೆ ಬಿಟ್ಟು, ಆಳುಗಳಿಂದ ವ್ಯವಹಾರ ನಡೆಸುವವರಿಗೆ ಅದು ಕಷ್ಟ. ಅವರಿಗೆ ಸಿವಿಲ್ ನ್ಯಾಯಾಲಯವೇ ಗತಿ. ಅಂತಹ ಉದ್ದೇಶದಲ್ಲಿ ಪ್ರಧಾನವಾದುದು ಯಾವುದೆಂದು ಪ್ರತಿ ಪ್ರಕರಣದಲ್ಲಿಯೂ ನೋಡಬೇಕೆಂಬುದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ನೀಡಿದ ತೀರ್ಪು.

2021ರಲ್ಲಿ ಹೊಸಪೇಟೆಯು ವಿಜಯನಗರ ಜಿಲ್ಲೆಯ ಕೇಂದ್ರವಾದ ಮೇಲೆ ಕಂಪ್ಲಿ, ಸಂಡೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿವೆ. ಹೊಸಪೇಟೆಯಲ್ಲಿ ದುರಸ್ತಿ ಮಾಡಿಸಿದ ಕಂಪ್ಲಿಯವರಿಗೆ ಇದರಿಂದ ತೊಂದರೆಯಿಲ್ಲ. ದೂರುದಾರನು ವಾಸಿಸುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಲು 2019ರ ಅಧಿನಿಯಮ ಅವಕಾಶ ನೀಡಿದೆ. ಅವಧಿ ಎರಡು ವರ್ಷ. ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ.

ಮೆಕ್ಯಾನಿಕ್‌ನ ಕೈಯಲ್ಲಿಯೂ ಹಕ್ಕಿದೆ. 1872ರ ಕರಾರು ಅಧಿನಿಯಮದ ಕಲಂ 170ರ ಪ್ರಕಾರ, ಶ್ರಮ ಹಾಗೂ ಕೌಶಲ ವ್ಯಯಿಸಿ ಮಾಡಿದ ಕೆಲಸದ ಹಣ ಬರುವವರೆಗೆ ಆತನು ಗಾಡಿಯನ್ನು ತನ್ನಲ್ಲಿ ಇರಿಸಿಕೊಳ್ಳಬಹುದು, ಬೇರೆ ಕರಾರು ಇಲ್ಲದಿದ್ದರೆ. ಬೇರೊಂದು ಗಾಡಿಯ ಹಳೆಯ ಬಾಕಿಗಾಗಿ ಇದನ್ನು ಹಿಡಿದಿಡುವಂತಿಲ್ಲ. ಹಾಗೆ ಇಟ್ಟುಕೊಂಡಿರುವಾಗ ತನ್ನ ಸ್ವಂತ ವಸ್ತುವಿನಂತೆ ಜೋಪಾನ ಮಾಡುವುದು ಕಲಂ 151ರಂತೆ ಅವನ ಹೊಣೆ.

ಇವೆಲ್ಲಕ್ಕೂ ಆಧಾರ ಒಂದು ತುಂಡು ಕಾಗದ. ಬಿಲ್ಲು ಕೊಡದಿರುವುದನ್ನೂ ಈಗಿನ ಅಧಿನಿಯಮ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ಎರಡು ಪ್ರತಿಯ ಸಾದಾ ಜಾಬ್ ಕಾರ್ಡಿನಲ್ಲಿ ಗಾಡಿಯ ನಂಬರು, ಓಡಿದ ಕಿಲೋಮೀಟರು, ಮಾಲೀಕನು ಹೇಳಿದ ಕೆಲಸ, ಮೆಕ್ಯಾನಿಕ್ ಕಂಡ ಸವೆತ, ಮಾಲೀಕನು 'ಸದ್ಯಕ್ಕೆ ಬೇಡ' ಎಂದ ಕೆಲಸ ಇವಿಷ್ಟು ಇದ್ದರೆ ಸಾಕು. 'ಹಿಂದಿನ ಬ್ರೇಕ್ ಶೂ ಮುಗಿದಿದೆ, ತಿಳಿಸಲಾಗಿದೆ' ಎಂಬ ಒಂದು ಸಾಲಿನ ಕೆಳಗೆ ಮಾಲೀಕನ ಸಹಿ ಬಿದ್ದರೆ ಅಪಘಾತದ ಮರುದಿನ ಗ್ಯಾರೇಜಿನ ಮುಂದೆ ನಡೆಯುವ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಸಹಿಗೆ ಹಿಂಜರಿಯುವ ಹಳೆಯ ಗಿರಾಕಿಗಳಿಗೆ ಅದೇ ಸಾಲನ್ನು ಮೊಬೈಲಿನಲ್ಲಿ ಸಂದೇಶವಾಗಿ ಕಳಿಸುತ್ತಿರುವ ಗ್ಯಾರೇಜುಗಳೂ ಇವೆ. ದಿನಾಂಕ, ವೇಳೆ ಅದರಲ್ಲಿ ತಾವಾಗಿಯೇ ದಾಖಲಾಗುತ್ತವೆ.